ಮೀನಕ್ಕ ಖಾರ ಬ್ಯಾಡ್ರಿ

ನನ್ನ ಗಂಡನ ಮನೆಯಲ್ಲಿ ಸೋಮವಾರ ಉಳ್ಳಾಗಡ್ಡಿ ಕೂಡ ಹೆಚ್ಚುತ್ತಿರಲಿಲ್ಲ. ಅಂಥ ಮನೆಯ ಪಡಸಾಲೆಯಲ್ಲಿ ಮೂರು ತಿಂಗಳಿಗೂ ಹೆಚ್ಚು ಮೀನು ಇದ್ದವು ಎಂದರೆ ಈಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಆ ಮೀನುಗಳಿಗೆ ನೀರು ಸೇದಿದವಳು ನಾನು. ನನ್ನ ರಟ್ಟೆಗಳಿಗೆ ಅದು ಇನ್ನೂ ನೆನಪಿದೆ.

ನಾನು ಹಿರೇಕೆರೂರಿನವಳು. ನಮ್ಮೂರಿನ ಕೆರೆ ಊರಿನ ಹೆಸರಿನಲ್ಲೇ ಕೂತಿದೆ. ಆ ಕೆರೆಯ ನೀರಿನಲ್ಲಿ ಬೇಳೆ ಇಟ್ಟು, ಪಕ್ಕದ ಮನೆಯವಳೊಡನೆ ನಾಲ್ಕು ಮಾತಾಡಿ ಬರುವಷ್ಟರಲ್ಲಿ ಬೇಳೆ ಬೆಣ್ಣೆಯಾಗಿರುತ್ತಿತ್ತು. ಅಲ್ಲಿಂದ ನನ್ನನ್ನು ಸವಣೂರಿಗೆ ಕೊಟ್ಟರು. ಸವಣೂರಿನ ವೀಳ್ಯದೆಲೆ ಚೆಂದ. ಸವಣೂರಿನ ಖಾರ, ಅಂದರೆ ಅಂಗಡಿಯವರು ಪೊಟ್ಟಣ ಕಟ್ಟಿ ಕೊಡುವ ಆ ಸೇವು ಶೇಂಗಾದ ಕರಿದ ತಿನಿಸು, ಅದೂ ಚೆಂದ. ಜನ ಕೂಡ ಚೆಂದವೇ. ನಮ್ಮ ಹಿತ್ತಲ ಬಾವಿಯ ನೀರು ಮಾತ್ರ ಸವಳು. ಆ ನೀರಿನಲ್ಲಿ ಬೇಳೆ ಹಾಕಿದರೆ ಮಧ್ಯಾಹ್ನದವರೆಗೆ ಕುದಿದರೂ ಕಾಳು ಕಾಳೇ. ಸಾಬೂನು ತಿಕ್ಕಿದರೆ ನೊರೆ ಬರುವ ಬದಲು ಒಡೆದ ಹಾಲು ಬಂದಂತೆ ಬರುತ್ತಿತ್ತು. ಕುಡಿಯುವುದಕ್ಕೂ ಬೇಳೆಗೂ ಊರ ಹೊರಗಿನ ಸೀನೀರ ಬಾವಿಯಿಂದ ದಿನಕ್ಕೆ ಎರಡು ಕೊಡ ತರಬೇಕಾಗಿತ್ತು. ಬೇಸಿಗೆಯಲ್ಲಿ ಆ ಬಾವಿಯೂ ತಳ ಹಿಡಿದರೆ, ಬೇಳೆಯ ಗಡಿಗೆಗೆ ಒಂದು ಚಿಟಿಕೆ ಸೋಡಾಖಾರ ಹಾಕಿ ಸವಳು ನೀರಿನಲ್ಲೇ ಮೆತ್ತಗೆ ಮಾಡುವುದು. ಇದು ಊರಿನ ಎಲ್ಲ ಹೆಂಗಸರಿಗೂ ಗೊತ್ತಿದ್ದ ವಿದ್ಯೆ.

ಮನೆಯಲ್ಲಿ ಮಾವ, ಅತ್ತೆ, ನಾನು. ನನ್ನ ಗಂಡ ಒಬ್ಬನೇ ಮಗ. ಶಿಗ್ಗಾಂವಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದರು, ಶನಿವಾರ ಸಂಜೆ ಬಂದು ಸೋಮವಾರ ನಸುಕಿನಲ್ಲಿ ಹೋಗುತ್ತಿದ್ದರು. ಮಾವನವರದು ಎಲೆಯ ವ್ಯಾಪಾರ. ಅವರು ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಎಲೆಗಳ ಜತೆ ಆಡಿದ್ದಾಗಿರುತ್ತಿತ್ತು. ಅತ್ತೆಯವರು ಆ ಕೊರತೆಯನ್ನು ಒಬ್ಬರೇ ತುಂಬಿಕೊಡುತ್ತಿದ್ದರು. ನಾನು ಬರುವ ಮೊದಲು ಅವರು ಯಾರ ಜೊತೆ ಮಾತಾಡುತ್ತಿದ್ದರೋ ಶಿವನೇ ಬಲ್ಲ. ನಾನು ಬಂದ ಮೇಲೆ ನನ್ನ ಜೊತೆ ಮಾತು, ಅಂದರೆ ಜಗಳ. ರೊಟ್ಟಿ ದಪ್ಪವಾಯಿತು ಎಂದು ಒಂದು ಜಗಳ, ತೆಳುವಾಯಿತು ಎಂದು ಇನ್ನೊಂದು. ನನ್ನ ಸಿಟ್ಟೂ ಮೂಗಿನ ತುದಿಯಲ್ಲೇ ಇತ್ತು. ನಾನೂ ಬಿಟ್ಟುಕೊಡುತ್ತಿರಲಿಲ್ಲ.

ಇಸವಿ ಮೂವತ್ತೆರಡೋ ಮೂವತ್ತಮೂರೋ ಇರಬೇಕು. ಬೇಸಿಗೆ ಕಾಲಿಡುವ ಹೊತ್ತು. ನಮ್ಮ ಓಣಿಯ ಕೊನೆಗೆ ಅತ್ತರದ ವ್ಯಾಪಾರ ಮಾಡುವ ಸಾಹೇಬರೊಬ್ಬರಿದ್ದರು, ಮಾವನವರ ಬಾಲ್ಯದ ಗೆಳೆಯರು. ಅವರು ಬಂದರೆ ಮೊದಲು ಅವರ ವಾಸನೆ ಬರುತ್ತಿತ್ತು, ಆಮೇಲೆ ನಗು, ಎಲ್ಲಕ್ಕಿಂತ ಕಡೆಗೆ ಸಾಹೇಬರು. ಅವರು ಹಜ್ ಯಾತ್ರೆಗೆ ಹೊರಟಿದ್ದರು. ಹೊರಡುವ ಹಿಂದಿನ ದಿನ ಇಬ್ಬರು ಹಮಾಲರ ಹೆಗಲ ಮೇಲೆ ಒಂದು ಗಾಜಿನ ಪೆಟ್ಟಿಗೆ ಹೊರಿಸಿಕೊಂಡು ಬಂದರು. ಕಬ್ಬಿಣದ ಪಟ್ಟಿ ಕಟ್ಟಿದ, ಎರಡು ಮೊಳ ಉದ್ದದ ಪೆಟ್ಟಿಗೆ. ತಳದಲ್ಲಿ ಹಳ್ಳದ ಬೆಣಚುಕಲ್ಲು. ಹಿಂದಿನಿಂದ ಅವರೇ ಒಂದು ಮಣ್ಣಿನ ಗಡಿಗೆಯನ್ನು ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡಿದ್ದರು. ಗಡಿಗೆಯಲ್ಲಿ ಬಂಗಾರದ ಬಣ್ಣದ ನಾಲ್ಕು ಮೀನು. ಮುಂಬೈಯಲ್ಲಿದ್ದ ಅವರ ನೆಂಟರು ಕಳಿಸಿದ್ದಂತೆ.

ಅತ್ತೆಯವರು ಸೆರಗು ಮೂಗಿಗೆ ಹಿಡಿದರು. "ಏನ್ರೀ ಸಾಹೇಬರ, ನಮ್ಮ ಮನ್ಯಾಗ ಮೀನ?"

"ಅಕ್ಕಾರ, ಅದಕ್ಕಽ ನಿಮ್ಮ ಮನಿಗೆ ತಂದೇನಿ. ನಮ್ಮ ಮನ್ಯಾಗ ಬಿಟ್ಟರ ಬೆಕ್ಕ ಬಿಡೂದಿಲ್ಲ. ಬೆಕ್ಕ ಬಿಟ್ಟರ ಬೀಗರು ಬಿಡೂದಿಲ್ಲ. ಶಿವಭಕ್ತರ ಮನ್ಯಾಗ ಮೀನಕ್ಕ ಯಾರ ಭಯ ಐತ್ರಿ?"

ಈ ಮಾತಿಗೆ ಅತ್ತೆಯವರು ಮೂಗಿನ ಸೆರಗು ಇಳಿಸಿದರು. ಮಾತಿನಲ್ಲಿ ಸೋತ ಅತ್ತೆಯವರನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಬಹಳ ಸಂತೋಷವಾಯಿತು. ಮಾವನವರು ಆ ದಿನದ ಹತ್ತು ಮಾತುಗಳಲ್ಲಿ ಒಂದನ್ನು ಖರ್ಚು ಮಾಡಿ "ಇಡ್ರಿ" ಎಂದರು. ಪೆಟ್ಟಿಗೆ ಪಡಸಾಲೆಯ ಕಟ್ಟೆಯ ಮೇಲೆ ಕುಳಿತಿತು.

ಸಾಹೇಬರು ಹೋಗುವಾಗ ಹೊಸ್ತಿಲ ಮೇಲೆ ನಿಂತು ಮೂರು ಮಾತು ಹೇಳಿದರು. ವಾರಕ್ಕೊಮ್ಮೆ ಅರ್ಧ ನೀರು ಬದಲಿಸಬೇಕು. ಚಿಟಿಕೆಯಷ್ಟೇ ತಿನ್ನಲು ಹಾಕಬೇಕು. ಮೂರನೆಯದನ್ನು ಕೈ ಮುಗಿದು ಹೇಳಿದರು: "ಖಾರಾ ಮಾತ್ರ ಬ್ಯಾಡ್ರಿ ಅಕ್ಕಾರ. ಮೀನಕ್ಕ ಖಾರಾ ಬಿದ್ದರ ಉಳಿಯೂದಿಲ್ಲ. ಕಾರಹುಣ್ಣಿವಿ ಹೊತ್ತಿಗೆ ಬಂದಬಿಡ್ತೇನಿ." ಅಷ್ಟು ಹೇಳಿ, ಯಲವಿಗಿಯಲ್ಲಿ ರೈಲು ಹಿಡಿಯಲು ಗಾಡಿ ಸಿದ್ಧಮಾಡಿಸಬೇಕೆಂದು ಅವಸರವಾಗಿ ಹೊರಟುಹೋದರು.

ಅವರು ಓಣಿ ದಾಟುವ ಮೊದಲೇ ಅತ್ತೆಯವರು ಕಾನೂನು ಜಾರಿ ಮಾಡಿದರು. ಪಡಸಾಲೆಯಲ್ಲಿ ಯಾರೂ ಖಾರದ ಪೊಟ್ಟಣ ಬಿಚ್ಚಬಾರದು. ಮೆಣಸಿನಕಾಯಿ ಕುಟ್ಟಿದ ಕೈಯಲ್ಲಿ ಯಾರೂ ಪೆಟ್ಟಿಗೆಯ ಹತ್ತಿರ ಸುಳಿಯಬಾರದು. ಒಗ್ಗರಣೆ ಹಾಕುವಾಗ ನಡುವಿನ ಬಾಗಿಲು ಮುಚ್ಚಬೇಕು, ಘಾಟು ಮೀನಿನ ಕಣ್ಣಿಗೆ ಹೋದೀತು. ಮಾವನವರು ಸಂಜೆ ಪಡಸಾಲೆಯಲ್ಲಿ ಕುಳಿತು ಖಾರ ತಿನ್ನುವ ಇಪ್ಪತ್ತು ವರ್ಷದ ರೂಢಿಯನ್ನು ಬಿಟ್ಟು ಹಿತ್ತಲಲ್ಲಿ ಎಮ್ಮೆಯ ಎದುರು ನಿಂತು ತಿನ್ನತೊಡಗಿದರು. ಎಮ್ಮೆಗೂ ಖಾರದ ರುಚಿ ಹತ್ತಿತು.

ಆ ರಾತ್ರಿ ಊಟ ಬಡಿಸುವಾಗ ನಾನು ಸಮಯ ನೋಡಿ ಪಂಚಮಿಯ ಮಾತು ತೆಗೆದೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ನಾಗರ ಪಂಚಮಿ ಎಂದರೆ ತವರು. ಅಣ್ಣ ಕರೆಯಲು ಬರುತ್ತಾನೆ, ಉಂಡಿ ಕಟ್ಟುತ್ತಾರೆ, ಜೋಕಾಲಿ ಕಟ್ಟುತ್ತಾರೆ. ಮದುವೆಯಾದ ಮೊದಲ ವರ್ಷದ ಪಂಚಮಿಗೆ ಯಾರೂ ಅಡ್ಡ ಬರುವುದಿಲ್ಲ. ಎರಡನೆಯ ವರ್ಷದ್ದು ಅತ್ತೆಯ ಕೈಯಲ್ಲಿ. ಇದು ನನ್ನ ಎರಡನೆಯ ವರ್ಷ.

ಅತ್ತೆಯವರು ಪೆಟ್ಟಿಗೆಯ ಕಡೆ ಗದ್ದ ತೋರಿಸಿದರು. "ಸಾಹೇಬರು ಬರೂತನಕ ನಾಲ್ಕ ಮೀನ ನಾಲ್ಕಽ ಇರಬೇಕು. ಇದ್ದರ ಪಂಚಮಿಗೆ ಹೋಗು. ಒಂದ ಕಮ್ಮಿ ಆದರ ಜೋಕಾಲಿ ಇಲ್ಲೇ ತೊಲಿಗೆ ಕಟ್ಟತೇನಿ, ಆಡಕೋತ ಕೂಡು."

ಅಂದಿನಿಂದ ಆ ನಾಲ್ಕು ಮೀನು ನನಗೆ ಮೀನಾಗಿ ಕಾಣಲಿಲ್ಲ. ತವರಿನ ದಾರಿಯ ನಾಲ್ಕು ಎತ್ತುಗಳಾಗಿ ಕಂಡವು. ಬೆಳಗೆದ್ದು ದೇವರಿಗೆ ಕೈ ಮುಗಿಯುವ ಮೊದಲು ಮೀನು ಎಣಿಸುತ್ತಿದ್ದೆ. ಅವು ಸುಮ್ಮನೆ ನಿಲ್ಲುವ ಜಾತಿಯಲ್ಲ. ಒಮ್ಮೆ ಐದಾಗುತ್ತಿದ್ದವು, ಒಮ್ಮೆ ಮೂರಾಗುತ್ತಿದ್ದವು. ಮೂರಾದ ದಿನ ಮತ್ತೆ ಮೊದಲಿಂದ ಎಣಿಸುತ್ತಿದ್ದೆ.

ತಿನ್ನಲು ಜೋಳದ ರೊಟ್ಟಿಯ ಪುಡಿ ಹಾಕುತ್ತಿದ್ದೆವು. ಸಾಹೇಬರ ಮನೆಯಲ್ಲಿ ಅವು ಹುಳ ಹುಪ್ಪಡಿ ತಿನ್ನುತ್ತಿದ್ದವೋ ಏನೋ, ನಮ್ಮ ಮನೆಗೆ ಬಂದ ಮೇಲೆ ಶಾಕಾಹಾರ ಹಿಡಿದವು. ಮನೆಯ ಅಯ್ಯನವರು ಪಾದಪೂಜೆಗೆ ಬರುವ ದಿನ ಅತ್ತೆಯವರು ಪೆಟ್ಟಿಗೆಯ ಮೇಲೆ ತಮ್ಮ ಇಳಕಲ್ಲ ಸೀರೆ ಹೊದಿಸಿದರು. ಅಯ್ಯನವರು ಒಳಗೆ ಬಂದವರೇ ರೇಷ್ಮೆಯ ಸೆರಗು ಹೊದ್ದ ಆ ಆಕಾರ ನೋಡಿ, ಹೊಸ ದೇವರ ಪೆಟ್ಟಿಗೆಯೆಂದು ತಿಳಿದು ಕಣ್ಣು ಮುಚ್ಚಿ ಕೈ ಮುಗಿದರು. ಒಳಗಿನಿಂದ ಬುಳಕ್ ಎಂದು ಶಬ್ದ ಬಂತು. ಅಯ್ಯನವರು ಕಣ್ಣು ತೆರೆದು ಅತ್ತೆಯವರ ಮುಖ ನೋಡಿದರು. ಅತ್ತೆಯವರು ನನ್ನ ಮುಖ ನೋಡಿದರು. ನಾನು ಹೊಟ್ಟೆ ಹಿಡಿದುಕೊಂಡು, ನನ್ನದೇ ಹೊಟ್ಟೆ ಎಂಬಂತೆ, ಅಡಿಗೆಮನೆಗೆ ಓಡಿದೆ. ಅಯ್ಯನವರು ಪಾಪ, ಹೋಗುವಾಗ ನನಗೆ ಅಜವಾನದ ಕಷಾಯ ಹೇಳಿ ಹೋದರು.

ಹೀಗೆ ಮೂರು ವಾರ ಕಳೆದಿರಬೇಕು. ಮೀನುಗಳು ಮಂಕಾದ ಹಾಗೆ ಕಾಣತೊಡಗಿದವು. ಬಂಗಾರದ ಬಣ್ಣ ಹೋಗಿ ಹಿತ್ತಾಳೆಯಾಯಿತು, ಹಿತ್ತಾಳೆ ಹೋಗಿ ಸುಣ್ಣ ಬಳಿದಂತಾಯಿತು. ಶನಿವಾರ ನನ್ನ ಗಂಡ ಬಂದಾಗ ತೋರಿಸಿದೆ. ಅವರು ಕನ್ನಡಕ ಏರಿಸಿ, ಕೈ ಬೆನ್ನ ಹಿಂದೆ ಕಟ್ಟಿ, ಪೆಟ್ಟಿಗೆಯ ಸುತ್ತ ಪರೀಕ್ಷೆಯ ಕೋಣೆಯಲ್ಲಿ ತಿರುಗುವಂತೆ ತಿರುಗಿದರು.

"ಸಾಹೇಬರು ಏನ ಹೇಳಿ ಹೋದ್ರು?"

"ಖಾರಾ ಬ್ಯಾಡ ಅಂದಾರ."

ಅವರು ತಲೆಗೆ ಕೈ ಹೊಡೆದುಕೊಂಡು ಜೋರಾಗಿ ನಕ್ಕರು. "ಅವರು ಹೇಳಿದ್ದು ಉರ್ದು ಖಾರಾ! ಖಾರಾ ಪಾನಿ ಅಂದ್ರ ಸವಳ ನೀರು. ನೀವು ಮೆಣಸಿನಕಾಯಿ ಅಂತ ತಿಳದ ಕುಂತೀರಿ. ಅದಕ್ಕಽ ಮೀನ ಸಾಯಾಕತ್ತಾವು."

ಅತ್ತೆಯವರ ಮುಖ ನೋಡುವಂತಿತ್ತು. ಮೂರು ವಾರ ಅವರು ನಡೆಸಿದ ರಾಜ್ಯಭಾರ ಒಂದು ಮಾತಿನಲ್ಲಿ ಬಿದ್ದುಹೋಯಿತು. ಆದರೆ ಅವರು ಸುಲಭಕ್ಕೆ ಸೋಲುವವರಲ್ಲ. "ನಾ ಈ ಮನಿಗೆ ಬಂದಾಗಿಂದ ಸಾಹೇಬರು ನನ್ನ ಜೋಡಿ ಕನ್ನಡ ಮಾತಾಡ್ಯಾರ. ಮೀನದ ವಿಷಯಕ್ಕ ಯಾಕ ಉರ್ದು ಆಡತಾರ?" ಎಂದರು.

ನನ್ನ ಗಂಡ ಕೇಳಲಿಲ್ಲ. ಊಟದ ತನಕ ಪಾಠವೇ ಪಾಠ. ನೀರಿನಲ್ಲಿ ಎರಡು ವಿಧ, ಕಠಿಣ ನೀರು ಮತ್ತು ಮೃದು ನೀರು. ಕಠಿಣ ನೀರಿನಲ್ಲಿ ಸುಣ್ಣದ ಅಂಶ ಇರುತ್ತದೆ. "ನೀರಾಗ ಕಠಿಣ ಎಂಥಾದ್ದು? ತಂಬಿಗಿ ಒಗದರ ಟಣ್ ಅಂತೈತೇನು?" ಎಂದು ಅತ್ತೆಯವರು ಕೇಳಿದ್ದಕ್ಕೆ, ಅವರು ಬಾವಿಯ ನೀರಿನಲ್ಲಿ ಸಾಬೂನು ಹಚ್ಚಿಕೊಂಡು ದಾಡಿ ಮಾಡಿ ತೋರಿಸಿದರು. ನೊರೆ ಬರಲಿಲ್ಲ, ರಕ್ತ ಬಂತು. ಕೆನ್ನೆಗೆ ಮೂರು ಕಡೆ ಅರಿಶಿನ ಹಚ್ಚಿಕೊಂಡು ಸೋಮವಾರ ಶಿಗ್ಗಾಂವಿಗೆ ಹೋದರು. ಸಾಲೆಯಲ್ಲಿ ಮಕ್ಕಳು ಏನೆಂದುಕೊಂಡವೋ ಗೊತ್ತಿಲ್ಲ.

ಹೋಗುವಾಗ ನನಗೆ ಕೆಲಸ ಹೇಳಿ ಹೋಗಿದ್ದರು: ನೀರನ್ನು ಮೃದು ಮಾಡು. ಸೀನೀರು ಹಾಕೋಣವೆಂದರೆ ಪೆಟ್ಟಿಗೆಗೆ ಆರು ಕೊಡ ಬೇಕು. ಸೀನೀರ ಬಾವಿಯಲ್ಲಿ ಆಗಲೇ ಕೊಡಕ್ಕಿಂತ ಹೆಚ್ಚು ಹೆಂಗಸರಿದ್ದರು. "ಮನಷ್ಯಾರಿಗೆ ಬಾಯಿ ತೋಯಿಸಾಕ ಇಲ್ಲ, ಮೀನಕ್ಕ ಸೀನೀರ?" ಎಂದು ಅಲ್ಲಿ ನನ್ನನ್ನು ಹಿಡಿದು ಬೈದರು. ಬೈದದ್ದು ನ್ಯಾಯವೇ. ಮಾವನವರು ಅಂಗಡಿಗಳಿಗೆ ಎಲೆ ಹಾಕಲು ಹಾನಗಲ್ಲಿಗೆ ಹೋಗುವವರಿದ್ದರು. ಅಲ್ಲಿಯ ಕೆರೆಯಿಂದ ಎರಡು ಕೊಡ ನೀರು ತನ್ನಿರೆಂದು ಗಾಡಿಯಲ್ಲಿ ಕೊಡ ಇಟ್ಟು ಕಳಿಸಿದೆ. ಮೂರನೆಯ ದಿನ ಗಾಡಿ ಬಂತು. ಒಂದು ಕೊಡ ದಾರಿಯ ಕುಣಿಗಳಿಗೆ ಸಂದಾಯವಾಗಿತ್ತು. ಇನ್ನೊಂದನ್ನು ಗಾಡಿಯವನೂ ಎತ್ತುಗಳೂ ಕುಡಿದಿದ್ದರು. "ಛಲೋ ನೀರು" ಎಂದರು ಮಾವನವರು. ಅವರೂ ಕುಡಿದಿದ್ದರೆಂದು ಆಗ ತಿಳಿಯಿತು.

ಉಳಿದದ್ದು ನಮ್ಮ ಬಾವಿಯ ನೀರನ್ನೇ ಹದಕ್ಕೆ ತರುವುದು. ಹಂಡೆಯಲ್ಲಿ ಕುದಿಸಿದೆ. ತಳದಲ್ಲಿ ಸುಣ್ಣ ಕೂತಿತು. ಮೇಲಿನ ನೀರನ್ನು ಸೋಸಿ ಆರಿಸಿದೆ. ಅದು ಮೃದುವಾಯಿತೋ ಇಲ್ಲವೋ ತಿಳಿಯುವುದು ಹೇಗೆ? ನನಗೆ ಗೊತ್ತಿದ್ದ ಪರೀಕ್ಷೆ ಒಂದೇ. ಆ ನೀರಿನಲ್ಲಿ ಒಂದು ಹಿಡಿ ತೊಗರಿಬೇಳೆ ಇಟ್ಟೆ. ಬೇಳೆ ಅರ್ಧ ಬೆಂದಿತು. ಮರುದಿನ ಎರಡು ಸಲ ಕುದಿಸಿ ಸೋಸಿ ಇನ್ನೊಂದು ಹಿಡಿ ಇಟ್ಟೆ. ಮುಕ್ಕಾಲು ಬೆಂದಿತು. ಬೇಳೆಯನ್ನು ಚೆಲ್ಲುವಂತಿಲ್ಲ. ಹಾಗಾಗಿ ವಾರವಿಡೀ ಮನೆಯಲ್ಲಿ ಬೇಳೆಯ ಸಾರು, ಬೇಳೆಯ ಪಲ್ಯ, ಬೇಳೆಯ ಕಟ್ಟು. ಮಾವನವರು ಐದನೆಯ ದಿನ ತಾಟು ನೋಡಿ, "ಮೀನ ತಿನ್ನೂದಽ ಛಲೋ ಇತ್ತು" ಎಂದುಬಿಟ್ಟರು. ಅತ್ತೆಯವರು ಅವರಿಂದ ಶಿವ ಶಿವ ಎಂದು ನೂರೆಂಟು ಸಲ ಹೇಳಿಸಿದರು. ಅವರ ವಾರದ ಮಾತೆಲ್ಲ ಅಲ್ಲಿಗೇ ಮುಗಿಯಿತು.

ಬೇಳೆ ಪೂರ್ತಿ ಬೇಯುವ ನೀರು ಬೇಕಾದರೆ ಉಪಾಯ ಎಲ್ಲರಿಗೂ ಗೊತ್ತಿದ್ದದ್ದೇ: ಸೋಡಾಖಾರ. ಆದರೆ ಡಬ್ಬಿಗೆ ಕೈ ಹಾಕುವಾಗ ಅತ್ತೆಯವರು ನೋಡಿದರು.

"ಅದನ್ನ ಮೀನದ ನೀರಿಗೆ ಹಾಕಬ್ಯಾಡ."

"ಯಾಕ್ರಿ ಅತ್ತಿ?"

"ಹೆಸರಿನಾಗ ಖಾರ ಐತಿ."

ನೀವೇ ಹೇಳಿ, ಇಂಥ ಮಾತಿಗೆ ಯಾರಿಗೆ ಸಿಟ್ಟು ಬರುವುದಿಲ್ಲ? ನಾನು ಕೆರೆಯ ನೀರು ಕುಡಿದು ಬೆಳೆದವಳು. ಕನ್ನಡ ಮೂರನೆಯ ಇಯತ್ತೆ ಪಾಸಾದವಳು. ಮಾಸ್ತರರ ಹೆಂಡತಿ. ಹೆಸರಿನಲ್ಲಿ ಖಾರ ಇದೆ ಎಂದು ಸೋಡಾ ಬಿಡಬೇಕೇ? ಹಾಗಾದರೆ ಖಾರ ಮಾರುವ ಅಂಗಡಿಯವನ ಮುಂದೆ ಮೀನು ಹೆದರಿ ಓಡಬೇಕು. ಆ ಸಿಟ್ಟಿನಲ್ಲಿ, ಅತ್ತೆಯವರು ಮಧ್ಯಾಹ್ನ ಒಂದಿಷ್ಟು ಅಡ್ಡಾದಾಗ, ಆರಿದ ನೀರಿನ ಹಂಡೆಗೆ ಸೋಡಾ ಹಾಕಿದೆ. ಚಿಟಿಕೆ ಅಲ್ಲ. ಸಿಟ್ಟು ಬಂದವಳ ಕೈಯಲ್ಲಿ ಚಿಟಿಕೆ ಎಲ್ಲಿಂದ ಬಂದೀತು? ಹಿಡಿಯೇ ಹಾಕಿದೆ. ಬೇಳೆ ಇಟ್ಟು ನೋಡಿದೆ. ಬೇಳೆ ಬೇಯಲಿಲ್ಲ, ಕರಗಿಯೇ ಹೋಯಿತು. ಹಿಗ್ಗೋ ಹಿಗ್ಗು. ಬೇಳೆಗೆ ಇಷ್ಟು ಮೆತ್ತಗಾದ ನೀರು ಮೀನಿಗೆ ಹಾಸಿಗೆಯಾಗುತ್ತದೆ ಎಂದುಕೊಂಡು, ಮೀನು ಮುಳುಗುವಷ್ಟು ಮಾತ್ರ ಬಿಟ್ಟು ಪೆಟ್ಟಿಗೆಯ ಹಳೆ ನೀರನ್ನೆಲ್ಲ ತೆಗೆದು ಹೊಸ ನೀರು ತುಂಬಿದೆ.

ಮೀನುಗಳು ಒಂದು ಸುತ್ತು ಹಾಕಿದವು. ಎರಡನೆಯ ಸುತ್ತಿಗೆ ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ನನ್ನನ್ನು ಬೈಯುತ್ತಿವೆ ಎಂದೇ ನನಗನ್ನಿಸಿತು, ಅಷ್ಟು ಸ್ಪಷ್ಟವಾಗಿ ಬೈಯುತ್ತಿದ್ದವು. ಒಂದು ಮೀನು ಪಕ್ಕಕ್ಕೆ ವಾಲಿತು. ಆಮೇಲೆ ಎಲ್ಲಿಂದ ಬುದ್ಧಿ ಬಂತೋ, ಓಡಿಹೋಗಿ ಬಾವಿಯಿಂದ ಒಂದು ಕೊಡ ಸವಳು ನೀರು ಸೇದಿ ತಂದೆ. ಮೀನು ಮುಟ್ಟಬಾರದೆಂಬುದು ನೆನಪೇ ಆಗಲಿಲ್ಲ. ಬರಿ ಕೈಯಿಂದ ಒಂದೊಂದನ್ನೇ ಹಿಡಿದು ಕೊಡಕ್ಕೆ ಹಾಕಿದೆ. ಒಂದು ಮೀನು ಕೈಯಿಂದ ಜಾರಿ ಮಾವನವರ ಎಲೆಯ ಬುಟ್ಟಿಯಲ್ಲಿ ಬಿತ್ತು. ನೂರಾರು ಎಲೆ ಕಿತ್ತೆಸೆದು ಹುಡುಕಿದೆ. ಮೂರು ಚೇತರಿಸಿಕೊಂಡವು. ವಾಲಿದ್ದೊಂದು ನೆಟ್ಟಗಾಗಲಿಲ್ಲ.

ತಿರುಗಿ ನೋಡಿದರೆ ಅತ್ತೆಯವರು ಹಿಂದೆ ನಿಂತಿದ್ದರು. ಪಡಸಾಲೆ ತುಂಬ ನೀರು, ಎಲೆ. ನನ್ನ ಕೈಯಲ್ಲಿ ಸತ್ತ ಮೀನು. ಕಟ್ಟೆಯ ಮೇಲೆ ಸೋಡಾದ ಡಬ್ಬಿ, ಮುಚ್ಚಳ ತೆಗೆದದ್ದು. ನಾನು ಮನೆ ಹಾರಿಹೋಗುವಂಥ ಕೂಗಿಗೆ ಸಿದ್ಧಳಾದೆ. ಅವರು ಕೂಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಅಡಿಗೆಮನೆಯ ಮಾಡದಲ್ಲಿ ಇಟ್ಟು ಬಂದರು. ಡಬ್ಬಿಯ ಅರ್ಥ ಅವರಿಗಾಯಿತೋ, ಸುಮ್ಮನೆ ಅಡಿಗೆಮನೆಯ ಸಾಮಾನು ಎತ್ತಿಟ್ಟರೋ ತಿಳಿಯಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

"ಸಾಹೇಬರ ಜೀವ ಇದು. ತಿಪ್ಪಿಗೆ ಒಗಿಯೂದು ಬ್ಯಾಡ," ಎಂದರು. ಏನು ಮಾಡುವುದೆಂದು ಮಾವನವರನ್ನು ಕೇಳಿದಾಗ ಅವರು ಸ್ವಲ್ಪ ಯೋಚಿಸಿ, "ನಮ್ಮೊಳಗೂ ಹುಗೀತಾರ, ಅವರೊಳಗೂ ಹುಗೀತಾರ. ಇದರಾಗ ಜಗಳಿಲ್ಲ," ಎಂದರು. ಹಿತ್ತಲಲ್ಲಿ ಕರಿಬೇವಿನ ಬುಡಕ್ಕೆ ಅವರೇ ಕುಣಿ ತೋಡಿದರು. ಅತ್ತೆಯವರು ವಿಭೂತಿಯ ಗಟ್ಟಿ ಹಿಡಿದು ಬಂದು, ಹಚ್ಚಬೇಕೋ ಬೇಡವೋ ಎಂದು ಬಹಳ ಹೊತ್ತು ನಿಂತು, ಕೊನೆಗೆ ತಮ್ಮ ಹಣೆಗೇ ಹಚ್ಚಿಕೊಂಡು ಒಳಗೆ ಹೋದರು. ಎಮ್ಮೆ ನೋಡುತ್ತಿತ್ತು. ನಾನು ಅತ್ತುಬಿಟ್ಟೆ. ಮೀನಿಗಾಗಿ ಅತ್ತೆನೆಂದರೆ ಸುಳ್ಳಾಗುತ್ತದೆ. ಪಂಚಮಿ ಹೋಯಿತಲ್ಲ ಎಂದು ಅತ್ತದ್ದು.

ಉಳಿದ ಮೂರಕ್ಕೆ ಏನು ಮಾಡುವುದು? ಸೋಡಾ ಹಾಕುವ ಮಾತೇ ಇಲ್ಲ, ಸೀನೀರು ಇಲ್ಲ. ದಾರಿ ಕಾಣದೆ ಬಾವಿಯ ಸವಳು ನೀರಿನಲ್ಲೇ ಬಿಟ್ಟೆವು. ಸಾಯುವುದಾದರೆ ಸಾಯಲಿ ಎಂದು ನಾನು ಕಲ್ಲು ಮನಸ್ಸು ಮಾಡಿದೆ. ಅವು ಸಾಯಲಿಲ್ಲ. ಪೆಟ್ಟಿಗೆ ಬರಿದಾಗಿದ್ದಾಗ ನಾನು ಗಾಜಿನ ಒಳಮೈಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿದ್ದೆ. ಅದರ ಮೇಲೆ ಬೆರಳ ಉಗುರಿನಷ್ಟು ದಪ್ಪ ಸುಣ್ಣ ಕಟ್ಟಿತ್ತು. ಈಗ ನೋಡಿದರೆ ಮೀನು ಬಂಗಾರ ಬಂಗಾರ. ಮಂಕಾಗಿದ್ದದ್ದು ಗಾಜು, ಮೀನಲ್ಲ! ಇದನ್ನು ಶನಿವಾರ ನನ್ನ ಗಂಡನಿಗೆ ಹೇಳಿದಾಗ ಅವರು ಕನ್ನಡಕ ಒರೆಸಿಕೊಂಡು ಬೇರೆ ವಿಷಯ ತೆಗೆದರು. ಮುಂದಿನ ಎರಡು ತಿಂಗಳು ಮೂರೂ ಮೀನು ರೊಟ್ಟಿ ತಿಂದು ಮಠದ ಮರಿಗಳಂತೆ ಉಬ್ಬಿದವು.

ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ ಎರಡು ದಿನವಾಗಿತ್ತು. ಓಣಿಯಲ್ಲಿ ಅತ್ತರದ ವಾಸನೆ ಬಂತು, ಆಮೇಲೆ ನಗು ಬಂತು. ನಾನು ಕಂಬದ ಹಿಂದೆ ನಿಂತೆ. ಸಾಹೇಬರು ಬಿಳಿಯ ಗಡ್ಡ ಬಿಟ್ಟು ಇಳಿದುಹೋಗಿದ್ದರು. ಅತ್ತೆಯವರ ಕೈಗೆ ಖರ್ಜೂರದ ಪೊಟ್ಟಣ ಕೊಟ್ಟರು. ಅತ್ತೆಯವರು ಅದನ್ನು ಕಣ್ಣಿಗೊತ್ತಿಕೊಂಡರು. ಸಾಹೇಬರು ಪೆಟ್ಟಿಗೆಯ ಮುಂದೆ ಕೂತು ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಅಕ್ಕಾರ, ಮೂರಽ ಅದಾವಲ್ಲ?"

ಹೇಳಿಬಿಡಬೇಕೆಂದು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ.

ಅತ್ತೆಯವರು ನನಗಿಂತ ಮೊದಲು ಮಾತಾಡಿದರು. "ಖಾರ ಬಿತ್ತರಿ ಸಾಹೇಬರ. ನನ್ನ ಕೈಲೇ ಬಿತ್ತು. ನೀವು ಹೇಳಿ ಹೋಗಿದ್ರಿ, ನನ್ನಿಂದ ತಪ್ಪಾತು."

ಸಾಹೇಬರು ಹೊಟ್ಟೆ ಅಲುಗುವಂತೆ ನಕ್ಕರು. "ನಿಮ್ಮ ಕೈಲೇ ಒಂದಽ ಬಿತ್ತಲ್ಲ, ಅದಽ ದೊಡ್ಡದು. ನಮ್ಮ ಮನ್ಯಾಗ ಆರ ಮೀನ ಇದ್ದುವು. ಮಮ್ಮಕ್ಕಳು ಪೊಟ್ಟಣ ಬಿಚ್ಚಿ ಸೇವು ಶೇಂಗಾ ಒಗದ ಒಗದ ಎರಡು ಹೋದ್ವು. ಅದಕ್ಕಽ ಕೈ ಮುಗದ ಹೇಳಿದ್ದೆ, ಖಾರಾ ಬ್ಯಾಡ್ರಿ ಅಂತ."

ನನ್ನ ಗಂಡ ಆ ದಿನ ಊರಲ್ಲಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ನಿಂತಲ್ಲಿಂದಲೇ ಕೇಳಿದೆ, "ಹಂಗಾರ ಸವಳ ನೀರು?"

"ಸವಳ ನೀರಿಗೆ ಏನಾಗೇತವ್ವ? ನಮ್ಮ ಬಾವೀನೂ ಸವಳಽ. ನಾ ಎರಡ ವರ್ಷ ಅದನ್ನಽ ಹಾಕೇನಿ."

ಅಂದರೆ ಮೊದಲ ದಿನವೇ, ಮೊದಲ ಗಳಿಗೆಯಲ್ಲೇ, ಅತ್ತೆಯವರು ಅರ್ಥಮಾಡಿಕೊಂಡದ್ದು ಸರಿಯಾಗಿತ್ತು. ಹಂಡೆಗಟ್ಟಲೆ ಕುದಿಸಿದ್ದು, ಹಾನಗಲ್ಲಿನ ಕೆರೆ, ದಾಡಿಯ ರಕ್ತ, ವಾರವಿಡೀ ಬೇಳೆ, ಎಲ್ಲವೂ ದಂಡ. ಸಾಹೇಬರು ಹಮಾಲರನ್ನು ಕರೆಸಿ ಪೆಟ್ಟಿಗೆ ಹೊರಿಸಿಕೊಂಡು ಹೋಗುವವರೆಗೂ ನಾನು ತಲೆ ಎತ್ತಲಿಲ್ಲ. ಅವರು ಹೋದ ಮೇಲೆ ಅತ್ತೆಯವರ ಎದುರು ನಿಂತೆ.

"ಸೋಡಾ ಹಾಕಿದಾಕಿ ನಾ ಅದೇನ್ರಿ."

"ಗೊತ್ತೈತಿ. ನನಗೇನ ಕಣ್ಣಿಲ್ಲೇನು?"

"ಮತ್ತ ನಿಮ್ಮ ಕೈಲೇ ಬಿತ್ತು ಅಂದ್ರಿ?"

"ನನ್ನ ಮನಿ ಸೊಸಿ ಹಾಕಿದ್ದು ಅಂದ್ರ ನನ್ನ ಕೈಲೇ ಬಿದ್ದಂಗಽ. ಹೊರಗಿನವರ ಮುಂದ ನಿನ್ನ ಬೈದರ ಒಳಗ ಬೈಯಾಕ ನನಗೇನ ಉಳೀತು?"

ಆಮೇಲೆ ಒಳಗೆ ಕರೆದುಕೊಂಡು ಹೋಗಿ ಬೈದರು. ಎರಡು ತಿಂಗಳಿಂದ ಕೂಡಿಟ್ಟುಕೊಂಡ ಬೈಗುಳ, ಒಂದೂ ಹಳಸಿರಲಿಲ್ಲ. ನಾನು ಎದುರು ಒಂದು ಮಾತೂ ಆಡಲಿಲ್ಲ. ಪಂಚಮಿಯ ಮಾತನ್ನೂ ಎತ್ತಲಿಲ್ಲ. ಒಂದು ಕಮ್ಮಿಯಾದರೆ ಇಲ್ಲ ಎಂದಿದ್ದರು, ಒಂದು ಕಮ್ಮಿಯಾಗಿತ್ತು. ಅಣ್ಣ ಕರೆಯಲು ಬಂದರೆ ಏನು ಹೇಳಿ ಕಳಿಸುವುದು ಎಂದು ಯೋಚಿಸುತ್ತಾ ಆಷಾಢವಿಡೀ ರೊಟ್ಟಿ ಬಡಿದೆ.

ಅಣ್ಣ ಬಂದ. ಅಂಗಳದಲ್ಲಿ ಎತ್ತು ಬಿಟ್ಟ. ನಾನು ತಂಬಿಗೆ ನೀರು ಕೊಟ್ಟು, ಈ ವರ್ಷ ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯವರು ಒಳಗಿನಿಂದ ಎರಡು ಡಬ್ಬಿ ತಂದು ಗಾಡಿಯಲ್ಲಿ ಇಟ್ಟರು. ಒಂದರಲ್ಲಿ ಎಳ್ಳುಂಡಿ, ಒಂದರಲ್ಲಿ ಶೇಂಗಾ ಉಂಡಿ. ಯಾವಾಗ ಕಟ್ಟಿದ್ದರೋ, ನನಗೆ ಕಾಣದ ಹಾಗೆ.

"ಮೂರಽ ಇದ್ದುವಲ್ರಿ ಅತ್ತಿ," ಎಂದೆ ನಾನು.

"ಮೀನದ ಮಾತ ಎಲ್ಲಿಂದ ತಂದಿ? ನಾಲ್ಕ ಇದ್ದರೂ ನನಗ ನಿನ್ನ ಕಳಸೂ ಮನಸ ಇರಲಿಲ್ಲ." ಅವರು ಗಾಡಿಯ ಹಗ್ಗವನ್ನು ಸುಮ್ಮಸುಮ್ಮನೆ ಬಿಗಿದರು. ಆಮೇಲೆ ನನ್ನ ಕಡೆ ನೋಡದೆ ಅಣ್ಣನಿಗೆ ಹೇಳಿದರು: "ಎಂಟ ದಿನ ಅಂದ್ರ ಎಂಟ ದಿನ, ತಮ್ಮಾ. ಒಂಬತ್ತನೇ ದಿನ ನಾ ಯಾರ ಜೋಡಿ ಜಗಳಾಡ್ಲಿ?"

ಅಣ್ಣ ನಕ್ಕ. ನಾನು ಊರ ಅಗಸಿಬಾಗಿಲು ದಾಟುವವರೆಗೂ ಬಾಯಿಗೆ ಸೆರಗು ಹಿಡಿದು ಕೂತಿದ್ದೆ. ತವರಿನಲ್ಲಿ ಎಲ್ಲರೂ ನನ್ನ ಮಾತಿಗೆ ಹೂಂ ಎನ್ನುವವರೇ. ರೊಟ್ಟಿ ದಪ್ಪವಾದರೂ ತೆಳುವಾದರೂ ಚೆನ್ನಾಗಿದೆ ಎನ್ನುವವರೇ. ಆರನೆಯ ದಿನಕ್ಕೆ ನನಗೆ ತಡೆಯಲಾಗಲಿಲ್ಲ. ಗಾಡಿ ಕಟ್ಟು ಎಂದು ಅಣ್ಣನಿಗೆ ಹೇಳಿದೆ.